ಅಶೋಕನೂ ಸ್ವಲ್ಪ ಕಾಲ ಸುಮ್ನೆ ಕೂತಿದ್ದ

ಕೊಪ್ಪಳದಲ್ಲಿ ಯಾರನ್ನೇ ‘ಹೆಂಗ ನಡದೈತ್ರಿ?’ ಅಂತ ಕೇಳಿ. ‘ನಡದೈತ್ರಿ, ಅದ ಹಳೀ ಕತಿ’ ಅನ್ನುತ್ತಾರೆ. ಮೂರು ವರ್ಷ ನಾನೂ ಇದನ್ನೇ ಹೇಳಿದೆ. ಎಂಟಕ್ಕೆ ಏಳುವುದು, ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ, ಅಂಗಡಿ, ರಾತ್ರಿ ಒಂದರವರೆಗೆ ರೀಲ್ಸ್. ದೊಡ್ಡ ಕಷ್ಟ ಏನೂ ಇರಲಿಲ್ಲ. ತೊಂದರೆ ಆಗಿದ್ದೇ ಅಲ್ಲಿ. ಕಷ್ಟ ಇದ್ದಿದ್ದರೆ ಏನಾದರೂ ಮಾಡುತ್ತಿದ್ದೆ. ಗಾಣದ ಎತ್ತಿನಂಥ ಆ ತಿರುಗಾಟದಿಂದ ಆಚೆ ಬರಲು ನನಗೆ ಕೆಲಸಕ್ಕೆ ಬಂದ ದಾರಿ ಇದು.

ಒಂದು: ವಾರವಿಡೀ ಬರೆದಿಡಿ, ಏನೂ ಬದಲಿಸಬೇಡಿ

ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆ ಸಾಕು. ಎಷ್ಟಕ್ಕೆ ಎದ್ದೆ, ಯಾರ ಜೊತೆ ಮಾತಾಡಿದೆ, ಫೋನ್ ಎಷ್ಟು ಹೊತ್ತು ಹಿಡಿದಿದ್ದೆ, ಅಷ್ಟೇ. ಐದನೇ ದಿನ ನಾನು ಬರೆದಿದ್ದು ಒಂದೇ ಪದ: ‘ನಿನ್ನೆಯಂತೆ’. ಅದನ್ನು ಓದಿ ನಾಚಿಕೆ ಆಯಿತು.

ನಾಚಿಕೆ ಬೇಡ. ನಮ್ಮ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಹನ್ನೆರಡು ವರ್ಷ ಈ ಊರಲ್ಲಿದ್ದರೂ ಅದರಲ್ಲಿ ಏನಿದೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಆತ ಹೇಳುವುದು ಹೆಚ್ಚುಕಡಿಮೆ ಇದು: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಮೊದಲು ಅಷ್ಟೇನೂ ಪ್ರಯತ್ನ ಪಡಲಿಲ್ಲ. ಚಕ್ರವರ್ತಿಯೊಬ್ಬ ಇದನ್ನು ಕಲ್ಲಿನಲ್ಲಿ ಕೊರೆಸಿ ಒಪ್ಪಿಕೊಂಡಿದ್ದಾನೆ. ನಾವು ಲೆಕ್ಕದ ಪುಸ್ತಕದಲ್ಲಿ ಒಪ್ಪಿಕೊಂಡರೆ ಏನು ಹೋಗುತ್ತದೆ? ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೇ ಶಾಸನ ಇದೆ. 1915ರಲ್ಲಿ ಸಿಕ್ಕಿದ್ದು. ‘ದೇವಾನಾಂಪಿಯ’ (ದೇವರಿಗೆ ಪ್ರಿಯನಾದವ) ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಕಂಡಿದ್ದು ಅಲ್ಲೇ.

ಎರಡು: ಒಂದನ್ನೇ ಆರಿಸಿ, ಅದನ್ನೂ ಚಿಕ್ಕದು ಮಾಡಿ

ನಾನು ಮೊದಲು ಮಾಡಿದ್ದು ಇದರ ಉಲ್ಟಾ. ಜಿಮ್‌ಗೆ ವರ್ಷದ ದುಡ್ಡು ಕಟ್ಟಿದೆ, ಒಂಬತ್ತು ದಿನ ಹೋದೆ. ಗೆಳೆಯನೊಬ್ಬ ಪ್ರತಿ ಶನಿವಾರ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುತ್ತೇನೆ ಅಂದ. ಎರಡು ಶನಿವಾರ ಹತ್ತಿದ. ಮೂರನೇ ಶನಿವಾರ ಮದುವೆ ಬಂತು, ಮುಗೀತು. ಕೇಳಿದವರಿಗೆ ನಗು ಬರುವಷ್ಟು ಚಿಕ್ಕದಿರಲಿ. ನನ್ನದು ಹತ್ತು ನಿಮಿಷದ ನಡಿಗೆ.

ಮೂರು: ಹಳೆಯ ಕೆಲಸಕ್ಕೆ ಗಂಟು ಹಾಕಿ

‘ನಾಳೆಯಿಂದ ವಾಕಿಂಗ್’ ಅಂದರೆ ಆ ನಾಳೆ ಬರುವುದೇ ಇಲ್ಲ. ಎಲ್ಲಿ, ಯಾವಾಗ, ಯಾವುದರ ನಂತರ ಅಂತ ಹೇಳಿಕೊಳ್ಳಿ. ಹೀಗೆ ನಿಗದಿ ಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಜಾಸ್ತಿ ಸಲ ಕೆಲಸ ಮುಗಿಸುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ. ನನ್ನ ಗಂಟು ಹಾಲಿನದು. ಬಾಗಿಲಲ್ಲಿ ಹಾಲು ಇಸಿದುಕೊಂಡು ಒಳಗಿಟ್ಟ ಮೇಲೆ ಹಾಸಿಗೆಗೆ ವಾಪಸ್ ಹೋಗದೆ ಚಪ್ಪಲಿ ಮೆಟ್ಟುವುದು.

ನಾಲ್ಕು: ಮನಸ್ಸನ್ನಲ್ಲ, ಪ್ಲಗ್ಗನ್ನು ಬದಲಿಸಿ

ನನ್ನ ಪ್ರಕಾರ ಬೇರೆಲ್ಲ ಬಿಟ್ಟರೂ ಇದೊಂದು ಬಿಡಬಾರದು. ಚಾರ್ಜರ್ ನನ್ನ ದಿಂಬಿನ ಪಕ್ಕ ಇತ್ತು. ಅದನ್ನು ಅಡುಗೆಮನೆಯಲ್ಲಿ ಮಿಕ್ಸಿ ಪ್ಲಗ್ಗಿಗೆ ಹಾಕಿದೆ. ಮೊದಲ ರಾತ್ರಿ ಎರಡು ಸಲ ಎದ್ದು ಹೋದೆ. ಕತ್ತಲಲ್ಲಿ ಡಬ್ಬಿ ಬೀಳಿಸಿ ಮನೆಯವರ ಹತ್ತಿರ ಬೈಸಿಕೊಂಡೆ. ಮೂರನೇ ರಾತ್ರಿ ಹೋದವನು ನೀರು ಕುಡಿದು ಬಂದು ಮಲಗಿದೆ. ಫೋನ್ ಅಲ್ಲೇ ಇತ್ತು, ಆದರೆ ನಿಂತುಕೊಂಡು ರೀಲ್ಸ್ ನೋಡುವಷ್ಟು ಹುಚ್ಚು ನನಗೂ ಇರಲಿಲ್ಲ. ಅಲಾರಾಂಗೆ ಒಂದು ಸಾದಾ ಗಡಿಯಾರ ತಂದೆ.

ಐದು: 21 ದಿನಕ್ಕೆ ಅಭ್ಯಾಸ ಕೂರುತ್ತದೆ ಅನ್ನುವ ಮಾತು ಮರೆತುಬಿಡಿ

ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನಕ್ಕೇ ಕೂತರೆ, ಇನ್ನು ಕೆಲವರ ಅಂದಾಜು 254 ದಿನಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಅಂಥ ಫರಕೇನೂ ಬೀಳಲಿಲ್ಲ. ಹಾಗಾಗಿ ಒಂದು ಸೋಮವಾರ ಹೋಯಿತು ಅಂತ ಮುಂದಿನ ಸೋಮವಾರದವರೆಗೆ ಕಾಯಬೇಡಿ. ಮಂಗಳವಾರ ಇದೆ ಅಲ್ವಾ?

ಆರು: ಜೊತೆ ಹುಡುಕಿ

ಅಶೋಕನ ಕಥೆ ಅರ್ಧಕ್ಕೆ ಬಿಟ್ಟೆ. ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಹೋದ ಮೇಲೆ ತನ್ನ ಪ್ರಯತ್ನಕ್ಕೆ ಜೋರು ಬಂತು ಅನ್ನುತ್ತಾನೆ. ಇದು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಆಗುತ್ತದೆ ಅಂತಲೂ ಸೇರಿಸುತ್ತಾನೆ. ನಮಗೆ ಸಂಘ ಬೇಡ, ಗಲ್ಲಿಯ ಒಬ್ಬರು ಸಾಕು. ನನಗೆ ಸಿಕ್ಕವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಒಂದು ದಿನ ತಪ್ಪಿದರೆ ಗೇಟ್ ಬಡಿಯುತ್ತಾರೆ.

ಆದರೆ ಎಲ್ಲ ಬ್ಯಾಸರವೂ ಬರೀ ಬ್ಯಾಸರವಲ್ಲ. ಎರಡು ವಾರ ಆದರೂ ನಿದ್ದೆ ಬರದೆ, ಊಟ ಸೇರದೆ ಇದ್ದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ ಈ ಪಟ್ಟಿ ಪಕ್ಕಕ್ಕಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಡೆಯದಾಗಿ, ಬಿಸಿಲು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹೊಸ ಅಭ್ಯಾಸವನ್ನು ಏಪ್ರಿಲ್‌ನಲ್ಲಿ ಶುರು ಮಾಡಬೇಡಿ. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬೆಳಿಗ್ಗೆ ಏಳಕ್ಕೇ ನೆತ್ತಿ ಸುಡುತ್ತದೆ. ಮಳೆ ಬಿದ್ದ ಮೇಲೆ ಹಿಡಿದರೆ ಬೇಸಿಗೆ ಹೊತ್ತಿಗೆ ಗಟ್ಟಿಯಾಗಿರುತ್ತದೆ. ಆಗಲೂ ಹೊತ್ತು ಬದಲಿಸಬೇಕು. ನಾನು ಐದೂವರೆಗೆ ಸರಿಸಿದೆ. ಹಾಲಿನವನು ಬರುವುದು ಆರೂವರೆಗೆ, ಹಾಗಾಗಿ ಹಾಕಿದ ಗಂಟು ಬಿಚ್ಚಿತು. ನಲ್ಲಿ ನೀರಿಗೆ ಗಂಟು ಹಾಕೋಣ ಅಂದರೆ ಅದು ಯಾವ ದಿನ ಬರುತ್ತದೋ ಯಾರಿಗೂ ಗೊತ್ತಿಲ್ಲ. ಈಗ ಅಂಗಳಕ್ಕೆ ನೀರು ಚಿಮುಕಿಸುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಕೊಡ ಕೆಳಗಿಟ್ಟ ಕೂಡಲೇ ಚಪ್ಪಲಿ.