ಟೊಮೆಟೊ ಮಂಡಿ ಆ್ಯಪ್‌ನಿಂದ ಓನರ್ ಹಕ್ಕು ಕಿತ್ತುಕೊಂಡದ್ದು: ನನ್ನ ಅನುಭವ

ಕೋಲಾರದ ಟೊಮೆಟೊ ಮಂಡಿಯ ಬಿಲ್ಲಿಂಗ್ ಆ್ಯಪ್, ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಆ್ಯಪ್ ಲಾಗಿನ್ನೇ ಟೇಬಲ್‌ಗಳ ಓನರ್ (ಅವನ್ನ ಬದಲಿಸೋ, ಅಳಿಸೋ ಪೂರ್ತಿ ಹಕ್ಕಿರೋ ಖಾತೆ) ಆಗಿರಬಾರದು ಅಂತ ನಾನು ಅಂದಾಗ, "ಹರಾಜಿನ ಹೊತ್ತಲ್ಲಿ ಪರ್ಮಿಷನ್ ಡಿನೈಡ್ ಬಂದ್ರೆ ಯಾರ್ರೀ ನೋಡ್ತಾರೆ?" ಅಂತ ನಕ್ಕವರೇ ಹೆಚ್ಚು. ಸೀಸನ್ ಪೂರ್ತಿ ತಕರಾರಿಲ್ಲದೆ ಓಡಿದೆ, ಈಗ ಅವರೇ ಸ್ಕ್ರಿಪ್ಟ್ ಕೇಳ್ತಿದ್ದಾರೆ.

ಓನರ್ ರೋಲ್‌ಗೆ (ರೋಲ್ ಅಂದ್ರೆ ಡೇಟಾಬೇಸ್ ಖಾತೆ) ಲಾಗಿನ್ ಇಲ್ಲ. ಮೈಗ್ರೇಷನ್‌ಗೆ (ಟೇಬಲ್ ರಚನೆ ಬದಲಿಸೋ ಕೆಲಸ), ಆ್ಯಪ್‌ಗೆ, ರಿಪೋರ್ಟ್‌ಗೆ ಒಂದೊಂದು ಲಾಗಿನ್. ಆ್ಯಪ್‌ಗೆ ಸೆಲೆಕ್ಟ್ (ಓದೋದು), ಇನ್ಸರ್ಟ್ (ಸೇರಿಸೋದು), ಅಪ್‌ಡೇಟ್ (ತಿದ್ದೋದು) ಹಕ್ಕು. ಡಿಲೀಟ್ ಸೆಷನ್ ಮತ್ತು ಕರಡು ಬಿಲ್ ಟೇಬಲ್‌ಗಳಿಗಷ್ಟೇ.

ಎಲ್ಲರೂ ಮುಗ್ಗರಿಸೋದು ಹೊಸ ಟೇಬಲ್ ಬಂದಾಗ. ಮುಂದೆ ಹುಟ್ಟೋ ಟೇಬಲ್‌ಗಳಿಗೆ ತಾನಾಗೇ ಹಕ್ಕು ಕೊಡೋ ಆಲ್ಟರ್ ಡೀಫಾಲ್ಟ್ ಪ್ರಿವಿಲೆಜಸ್ ಕಮಾಂಡನ್ನು 'ಫಾರ್ ರೋಲ್' ಇಲ್ಲದೆ ಸೂಪರ್‌ಯೂಸರ್ ಆಗಿ ಓಡಿಸಿದರೆ, ಆ ಸೂಪರ್‌ಯೂಸರ್ ಮಾಡಿದ ಟೇಬಲ್‌ಗಳಿಗೆ ಮಾತ್ರ ಅನ್ವಯ. ಓನರ್ ಹೆಸರು ಕೊಟ್ಟೇ ಓಡಿಸಿ. ಹಳೇ ಟೇಬಲ್‌ಗಳಿಗೆ ಅದು ತಟ್ಟಲ್ಲ, ಬೇರೆ ಗ್ರಾಂಟ್ (ಹಕ್ಕು ಕೊಡೋ ಕಮಾಂಡ್) ಬೇಕು. ಮೈಗ್ರೇಷನ್‌ನಲ್ಲಿ ಸೆಟ್ ರೋಲ್ (ಓನರ್ ರೋಲ್‌ಗೆ ಬದಲಾಗೋ ಕಮಾಂಡ್) ಬಿಟ್ಟುಹೋದರೂ ಅದೇ ಗೋಳು, ಟೇಬಲ್ ಮೈಗ್ರೇಷನ್ ಲಾಗಿನ್ ಹೆಸರಲ್ಲಿ ಹುಟ್ಟುತ್ತೆ. ಆಲ್ಟರ್ ರೋಲ್ ಮೂಲಕ ಮೈಗ್ರೇಷನ್ ಲಾಗಿನ್‌ಗೆ ರೋಲ್ ಸೆಟ್ಟಿಂಗನ್ನೇ ಓನರ್‌ಗೆ ಕಟ್ಟಿಬಿಟ್ಟರೆ ಲಾಗಿನ್ ಆಗ್ತಿದ್ದಂಗೇ ಓನರ್. ಸೀರಿಯಲ್ ಕಾಲಂ (ಕ್ರಮಸಂಖ್ಯೆ ತಾನೇ ತುಂಬೋದು) ಇದ್ದರೆ ಆ ಸಂಖ್ಯೆ ಕೊಡೋ ಸೀಕ್ವೆನ್ಸ್ ಮೇಲೆ ಆ್ಯಪ್‌ಗೆ ಯೂಸೇಜ್ ಹಕ್ಕು ಕೊಡಬೇಕು, ಅದೇ ಕೆಲಸ ಮಾಡೋ ಐಡೆಂಟಿಟಿ ಕಾಲಂಗೆ ಆ ಕಾಟ ಇಲ್ಲ.

ಪೋಸ್ಟ್‌ಗ್ರೆಸ್ 15ರಲ್ಲಿ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಮಾಮೂಲಾಗಿ ಕೂರೋ ಜಾಗ) ಕ್ರಿಯೇಟ್ ಹಕ್ಕು ಎಲ್ಲರಿಗೂ ಸಿಗಲ್ಲ ಅಂತ ನಿಶ್ಚಿಂತೆಯಾಗಿರಬೇಡಿ. ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಮಾಡಿದ ಡೇಟಾಬೇಸ್‌ಗೆ ಹಳೇ ಹಕ್ಕೂ ಜೊತೆಗೇ ಬರುತ್ತೆ. ಕೈಯಾರೆ ರಿವೋಕ್ ಮಾಡಿ (ಹಕ್ಕು ವಾಪಸ್ ತಗೊಳ್ಳಿ).

ರಿಪೋರ್ಟ್ ಲಾಗಿನ್‌ಗೆ ರೈತರ ಬ್ಯಾಂಕ್ ಖಾತೆ ಕಾಣಬಾರದು. ಇಡೀ ಟೇಬಲ್‌ಗೆ ಸೆಲೆಕ್ಟ್ ಕೊಟ್ಟು ಒಂದು ಕಾಲಂ ಮಾತ್ರ ರಿವೋಕ್ ಮಾಡಿದರೆ ಎರರ್ ಬರಲ್ಲ, ಕಾಲಂ ಮಾತ್ರ ಕಾಣ್ತಾನೇ ಇರುತ್ತೆ! ಟೇಬಲ್ ಸೆಲೆಕ್ಟನ್ನೇ ಕಿತ್ತು ಬೇಕಾದ ಕಾಲಂಗಳಿಗಷ್ಟೇ ಕೊಡಬೇಕು. ಆಗ ಸೆಲೆಕ್ಟ್ ಸ್ಟಾರ್ (ಎಲ್ಲ ಕಾಲಂ ಕೇಳೋದು) ಬರೆದ ರಿಪೋರ್ಟ್‌ಗಳೆಲ್ಲ ಬೀಳ್ತವೆ. ಕೊನೆಗೆ ವ್ಯೂ (ಬೇಕಾದ ಕಾಲಂ ಮಾತ್ರ ತೋರಿಸೋ ಉಳಿಸಿಟ್ಟ ಕ್ವೆರಿ) ಗತಿ. ಅದರಲ್ಲಿ ಸೆಕ್ಯುರಿಟಿ ಇನ್ವೋಕರ್ ಹಾಕಬೇಡಿ, ಹಾಕಿದರೆ ರಿಪೋರ್ಟ್ ಲಾಗಿನ್‌ಗೇ ಮೂಲ ಟೇಬಲ್ ಹಕ್ಕು ಇರಬೇಕು ಅನ್ನುತ್ತೆ. ರಿಪೋರ್ಟ್‌ಗೆಂದೇ ಬೇರೆ ಸರ್ವರ್ ಇಡಿ ಅಂದಿದ್ದರು, ವ್ಯೂನಿಂದ ಅದು ಬೇಕಾಗ್ಲಿಲ್ಲ, ತಿಂಗಳಿಗೆ ಮೂರು-ನಾಲ್ಕು ಸಾವಿರ ರೂಪಾಯಿ ಉಳೀತು.

ಒಂದೊಂದು ಮಂಡಿಗೆ ಅದರದ್ದೇ ಸಾಲುಗಳು ಕಾಣೋ ಹಾಗೆ ಮಾಡೋ ರೋ ಲೆವೆಲ್ ಸೆಕ್ಯುರಿಟಿಯನ್ನೂ ಕೆಣಕಿ ನೋಡಿದೆ. ಓನರ್‌ಗೆ ಅದು ಲೆಕ್ಕಕ್ಕಿಲ್ಲ, ಅವನಿಗೂ ತಟ್ಟಬೇಕಂದ್ರೆ ಟೇಬಲ್‌ಗೆ ಫೋರ್ಸ್ ಹಾಕಬೇಕು. ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್‌ಗಳನ್ನ ಹಂಚಿ ಕೊಡೋ ಸಾಧನ) ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಮಂಡಿ ಐಡಿಗೆ ಬರೀ ಸೆಟ್ ಬಳಸಿದರೆ ಒಬ್ಬರ ಮಂಡಿ ಐಡಿ ಇನ್ನೊಬ್ಬರ ರಿಕ್ವೆಸ್ಟ್‌ಗೆ ಅಂಟುತ್ತೆ, ಆ ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಅಳಿಯೋ ಸೆಟ್ ಲೋಕಲ್ಲೇ ಬೇಕು. ಸದ್ಯ ರೋ ಲೆವೆಲ್ ಸೆಕ್ಯುರಿಟಿಯನ್ನ ಲೈವ್‌ಗೆ ತಂದಿಲ್ಲ.

ಆ್ಯಪ್ ನಿಲ್ಲಿಸದೆ ಪಾಸ್‌ವರ್ಡ್ ಬದಲಿಸೋದಕ್ಕೆ ನಂದೊಂದು ಉಪಾಯ ಇದೆ. ಲಾಗಿನ್ ಒಂದೇ ಇದ್ದರೆ ಅದು ನಡೆಯಲ್ಲ ಅಂತ ಮಾತ್ರ ಹೇಳಬಲ್ಲೆ, ಉಳಿದದ್ದು ಗಿರಾಕಿಗಳಿಗೆ.