ಲಾರಿಯ ಕಮಾನ್ ಪಟ್ಟಿಯಿಂದ ಅಡುಗೆಮನೆ ಚಾಕು

ಸುತ್ತಿಗೆ ಏಟಿನಿಂದ ಚಾಕುವಿಗೆ ಆಕಾರ ಬರುತ್ತದೆ, ಅಷ್ಟೇ. ಹರಿತ ನಿಲ್ಲಬೇಕಾದರೆ ಹದ, ಅಂದರೆ ಉಕ್ಕನ್ನು ಕಾಸಿ ತಣಿಸಿ ಗಟ್ಟಿ ಮಾಡುವುದು, ಸರಿಯಾಗಿ ಬೀಳಬೇಕು.

ಮೊದಲು ಉಕ್ಕು. ಬೆಂಗಳೂರಿನ ಕಲಾಸಿಪಾಳ್ಯದ ಕಡೆ ಗುಜರಿಯಲ್ಲಿ ಲಾರಿಯ ಹಳೇ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಕೇಳಿ. ಅದರಲ್ಲಿ ಕಾರ್ಬನ್ ಶೇ 0.5ರಿಂದ 0.6ರಷ್ಟಿರುತ್ತದೆ. ಕಟ್ಟಡದ ಕಂಬಿ ಬೇಡ. ಅದರಲ್ಲಿ ಕಾರ್ಬನ್ ಕಡಿಮೆ, ಎಷ್ಟು ಬಡಿದರೂ ಅಲಗು ಮೆತ್ತಗೇ. ಪಟ್ಟಿಯಲ್ಲಿ ಬಿರುಕಿದೆಯಾ ನೋಡಿಕೊಳ್ಳಿ. ಸತುವಿನ ಲೇಪ ಇರುವ ಕಬ್ಬಿಣವನ್ನಂತೂ ಕುಲುಮೆಗೆ ಹಾಕಲೇಬೇಡಿ, ಆ ಹೊಗೆ ವಿಷ.

ಕಿತ್ತಳೆ ಬಣ್ಣಕ್ಕೆ ಕಾಸಿ ಬಡಿಯಿರಿ. ಕೆಂಪು ಮಂಕಾದರೆ ಮತ್ತೆ ಕುಲುಮೆಗೆ. ಕಿಡಿ ಹಾರಿದರೆ ಉಕ್ಕು ಸುಟ್ಟಿತು ಎಂದೇ ಅರ್ಥ. ಅಲಗಿನ ಬಾಯಿಯನ್ನು (ಹರಿತ ಬರುವ ಅಂಚು) ಪೂರ್ತಿ ತೆಳು ಮಾಡದೆ ಒಂದು ಮಿಲಿಮೀಟರ್‌ನಷ್ಟು ದಪ್ಪ ಉಳಿಸಿ. ಆಮೇಲೆ ಮೂರು ಸಲ ಕಾಸಿ, ಪ್ರತಿ ಸಲವೂ ಗಾಳಿಯಲ್ಲೇ ಆರಲು ಬಿಡಿ. ಕಾಸಿ ಬಡಿಯುವಾಗ ಒರಟಾಗಿದ್ದ ಉಕ್ಕಿನ ಒಳಕಣಗಳು ಇದರಿಂದ ಸಣ್ಣಗಾಗುತ್ತವೆ. ಬೇಸರದ ಕೆಲಸ, ಆದರೆ ತಪ್ಪಿಸಬೇಡಿ.

ಈಗ ಅಸಲಿ ಕೆಲಸ. ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ, ನೆರಳಲ್ಲಿ ಕಾಸಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಅಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ, 830–850ರ ತನಕ ಏರಿಸಿ. ಆ ಬಿಸಿಗೆ ಕಾರ್ಬನ್ ಕಬ್ಬಿಣದೊಳಗೆ ಕರಗುತ್ತದೆ. ತಕ್ಷಣ ತಣಿಸಿದರೆ ಹೊರಬರಲು ಪುರುಸೊತ್ತಿಲ್ಲದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೀಗೆ ಆಗುವ ಗಟ್ಟಿ ರಚನೆಯೇ ಮಾರ್ಟೆನ್‌ಸೈಟ್. ತಣಿಸಲು ನೀರು ಬೇಡ, ಈ ಉಕ್ಕು ಸೀಳಬಹುದು. 50–60 ಡಿಗ್ರಿಗೆ ಬೆಚ್ಚಗಾದ ಅಡುಗೆ ಎಣ್ಣೆ ಸಾಕು. ಹಳೇ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ ನಿಜ, ಅದರ ಹೊಗೆ ಯಾರಿಗೆ ಬೇಕು? ಅಲಗನ್ನು ನೇರವಾಗಿ ಇಳಿಸಿ, ಪಕ್ಕಕ್ಕೆ ಅಲ್ಲಾಡಿಸಿದರೆ ಸೊಟ್ಟಗಾಗುತ್ತದೆ. ಎಣ್ಣೆ ಹೊತ್ತಿಕೊಳ್ಳಬಹುದು. ಪಾತ್ರೆಯೂ ಮುಚ್ಚಳವೂ ಲೋಹದ್ದೇ ಇರಲಿ. ಆರಿದ ಮೇಲೆ ಬಾಯಿಗೆ ಅರ ಹಾಕಿದರೆ ಜಾರಬೇಕು. ಕಚ್ಚಿದರೆ ಹದ ಬಿದ್ದಿಲ್ಲ.

ಈ ಹಂತದಲ್ಲಿ ಅಲಗು ಗಾಜಿನ ಹಾಗೆ, ಕೈಜಾರಿ ನೆಲಕ್ಕೆ ಬಿದ್ದರೆ ಎರಡು ತುಂಡು. ಹಾಗಾಗಿ ಅದೇ ದಿನ 200 ಡಿಗ್ರಿಯ ಓವನ್‌ನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಇಡಿ. ಗಡಸುತನ ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಕುಲುಮೆಯ ಆಸೆ ಬಿಡಿ. ಪಟ್ಟಿ ಕೊಯ್ದು ಆಕಾರ ಮಾಡಿಕೊಂಡರೆ, ಹದ ಹಾಕಲು ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಘಟಕಗಳಿವೆ.

ಸಾಣೆ ಹಿಡಿಯುವಾಗ ಆಗಾಗ ನೀರಿಗೆ ಅದ್ದಿ. ಬಾಯಿ ನೀಲಿಗೆ ತಿರುಗಿದರೆ ಅಲ್ಲಿ ಹದ ಹೋಯಿತು. ಹಿಡಿ ನಿಮ್ಮ ಇಷ್ಟ. ನಿಂಬೆಹಣ್ಣು ಹೆಚ್ಚಿದ ಮೇಲೆ ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿಡಿ. ಸ್ಟೇನ್‌ಲೆಸ್ ಅಲ್ವಲ್ಲ, ಸುಮ್ನೆ ಬಿಟ್ಟರೆ ತುಕ್ಕು ಗ್ಯಾರಂಟಿ.