ಬೀಗ ಬೀಳುವ ಹೊತ್ತು: ಕಾರಾಗೃಹದ ವೈದ್ಯಕೀಯದಲ್ಲಿ ನನ್ನ ಅನುಭವ

ಮಂಗಳೂರಿನಲ್ಲಿ ವೈದ್ಯ ವೃತ್ತಿಯಲ್ಲಿರುವ ನಾನು ಕೆಲವು ವರ್ಷಗಳಿಂದ ಕರಾವಳಿಯ ಕಾರಾಗೃಹವೊಂದಕ್ಕೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೇನೆ. ಅದು ಯಾವ ಕಾರಾಗೃಹವೆಂದು ಇಲ್ಲಿ ಹೇಳುವುದಿಲ್ಲ. ಅಲ್ಲಿನ ರೋಗಿಗಳ ಗುರುತು ಯಾರಿಗೂ ಸಿಗಬಾರದು ಎಂಬುದೇ ಅದಕ್ಕೆ ಕಾರಣ. ಅಲ್ಲಿನ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿಯೊಂದನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ. ಬಂದಿಗಳ ಕಾಯಿಲೆಗಳು ಹೆಚ್ಚಿನವು ಹೊರಗಿನ ಜನರಿಗೂ ಬರುವಂಥವೇ. ಆದರೆ ಒಳಗೆ ಅವು ಉಲ್ಬಣಿಸುವುದು ಜೈಲಿನ ವೇಳಾಪಟ್ಟಿಯ ದೆಸೆಯಿಂದ. ಊಟ ಎಷ್ಟು ಹೊತ್ತಿಗೆ, ಬ್ಯಾರಕ್ಕಿಗೆ ಬೀಗ ಎಷ್ಟು ಹೊತ್ತಿಗೆ, ಕೋರ್ಟಿಗೆ ಯಾವ ದಿನ, ಬಿಡುಗಡೆ ಯಾವ ಗಳಿಗೆಯಲ್ಲಿ ಎಂಬುದನ್ನು ತಿಳಿಯದೆ ಬರೆದ ಔಷಧದ ಚೀಟಿ ಅಲ್ಲಿ ಬರೀ ಕಾಗದವಾಗಿಬಿಡುತ್ತದೆ.

ಇದಕ್ಕೆ ಸಕ್ಕರೆ ಕಾಯಿಲೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ನಾನು ಹೋಗತೊಡಗಿದ ಕಾಲದಲ್ಲಿ ಇನ್ಸುಲಿನ್ ಪಡೆಯುತ್ತಿದ್ದ ಕೆಲವರಿಗೆ ನಡುರಾತ್ರಿ, ಸಕ್ಕರೆ ತೀರಾ ಇಳಿದಾಗ ಬರುವ ಬೆವರು, ನಡುಕ ಕಾಣಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಪರೀಕ್ಷಿಸಿದರೆ ಸಕ್ಕರೆಯ ಪ್ರಮಾಣ ಏರಿರುತ್ತಿದ್ದುದರಿಂದ ಇನ್ಸುಲಿನ್ನಿನ ಪ್ರಮಾಣವನ್ನು ಇನ್ನಷ್ಟು ಹೆಚ್ಚಿಸುವುದು ರೂಢಿಯಾಗಿತ್ತು. ತುಳು ಮಾತಾಡುವ ವಯಸ್ಸಾದ ಬಂದಿಯೊಬ್ಬರು "ರಾತ್ರೆ ಬಡವಾಪುಂಡು ಡಾಕ್ಟ್ರೇ" ಎಂದಾಗ, ರಾತ್ರಿ ಹಸಿವಾಗುವುದು ಏಕೆಂದು ಕೇಳುತ್ತಾ ಹೋದೆ. ಶುಶ್ರೂಷಕರ ಪಾಳಿ ಮುಗಿಯುವ ಮುನ್ನ ನಾಲ್ಕೂವರೆಯ ಸುಮಾರಿಗೆ ಇಂಜೆಕ್ಷನ್ ಕೊಡಲಾಗುತ್ತಿತ್ತು. ಊಟ ಹಂಚುತ್ತಿದ್ದುದು ಬೀಗ ಹಾಕುವ ಮುನ್ನ, ಐದೂವರೆಗೆ. ಆದರೆ ಬಹಳ ಮಂದಿ ಆ ಕುಚ್ಚಲಕ್ಕಿ ಅನ್ನವನ್ನು ತಟ್ಟೆಯಲ್ಲೇ ಮುಚ್ಚಿಟ್ಟು ಮನೆಯ ಅಭ್ಯಾಸದಂತೆ ಎಂಟು ಗಂಟೆಗೆ ಉಣ್ಣುತ್ತಿದ್ದರು. ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಬೇಕಾದ ಮಿಶ್ರ ಇನ್ಸುಲಿನ್ ಹೀಗೆ ಊಟಕ್ಕೆ ಮೂರೂವರೆ ಗಂಟೆ ಮೊದಲೇ ಮೈಸೇರುತ್ತಿತ್ತು. ಔಷಧವೂ ಸರಿ, ಊಟವೂ ಸರಿ. ಎರಡರ ನಡುವಿನ ಗಡಿಯಾರ ಮಾತ್ರ ತಪ್ಪು.

ಪರಿಹಾರ ಸರಳವಾಗಿ ಕಂಡರೂ ಅದಕ್ಕೆ ಹಲವರ ಒಪ್ಪಿಗೆ ಬೇಕಿತ್ತು. ಶುಶ್ರೂಷಕರ ಪಾಳಿಯನ್ನು ಒಂದು ಗಂಟೆ ಮುಂದಕ್ಕೆ ಸರಿಸಲಾಯಿತು, ಸಕ್ಕರೆ ಕಾಯಿಲೆಯವರ ಸಾಲನ್ನು ಅಡುಗೆಮನೆಯ ಪಕ್ಕಕ್ಕೆ ತರಲಾಯಿತು, ಇಂಜೆಕ್ಷನ್ ಪಡೆದವರು ಅಲ್ಲೇ ಕುಳಿತು ಉಂಡು ಹೋಗುವುದೆಂದಾಯಿತು. ಸಾಧ್ಯವಿದ್ದವರಿಗೆ ಸಂಜೆಯ ಇಂಜೆಕ್ಷನ್ ಬಿಡಿಸಿ ಮಾತ್ರೆಗೆ ಬದಲಿಸಿದೆ. ರಾತ್ರಿ ಸಕ್ಕರೆ ಇಳಿದರೆಂದು ಪ್ರತಿ ಬ್ಯಾರಕ್ಕಿನಲ್ಲಿ ಒಂದಿಷ್ಟು ಬೆಲ್ಲ ಇರಿಸೋಣವೆಂದು ನಾನು ಕೇಳಿದಾಗ ಜೈಲರ್ ನಕ್ಕರು: "ಬೆಲ್ಲ ಕೊಟ್ಟರೆ ವಾರದೊಳಗೆ ಕಳ್ಳಭಟ್ಟಿ ಕೊಳೆ ಹಾಕ್ತಾರೆ ಡಾಕ್ಟ್ರೇ." ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಗ್ಲೂಕೋಸ್ ಪುಡಿಯ ಪೊಟ್ಟಣಗಳನ್ನು ರಾತ್ರಿ ಪಾಳಿಯ ವಾರ್ಡರ್ ಕೈಯಲ್ಲಿಡುವುದೆಂದು ತೀರ್ಮಾನವಾಯಿತು; ಯಾರಿಗೆ, ಯಾವ ಲಕ್ಷಣ ಕಂಡರೆ ಕೊಡಬೇಕೆಂಬುದನ್ನು ಬರೆದು ಗೋಡೆಗೆ ಅಂಟಿಸಿದೆವು.

ಕಾರಾಗೃಹಕ್ಕೆ ಹೊಸದಾಗಿ ಬರುವವರ ಮೊದಲ ಎರಡು ರಾತ್ರಿಗಳು ಇದಕ್ಕಿಂತ ಅಪಾಯಕರ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ವಿಧಿ. ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದವರು ಜೈಲಿನ ಬಾಗಿಲಿಗೆ ಬರುವುದು ಹೆಚ್ಚಾಗಿ ಸಂಜೆ ಕಳೆದ ಮೇಲೆ. ಪ್ರತಿದಿನ ಕುಡಿಯುತ್ತಿದ್ದವನು ಆ ಹೊತ್ತಿಗೆ ಕುಡಿಯದೆ ಒಂದು ದಿನ ದಾಟಿರುತ್ತದೆ. ಕುಡಿತ ಹಠಾತ್ತನೆ ನಿಂತಾಗ ಫಿಟ್ಸ್ ಬರುವುದು ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ. ಇಲ್ಲದ್ದು ಕಾಣುವ, ದಿಕ್ಕುತಪ್ಪಿದಂತೆ ಮಾತಾಡುವ ಸನ್ನಿ ಶುರುವಾಗುವುದು 48ರಿಂದ 72 ಗಂಟೆಗಳ ಆಸುಪಾಸಿನಲ್ಲಿ. ಎಂದರೆ, ಕಾನೂನಿನ ವೇಳಾಪಟ್ಟಿಯೂ ದೇಹದ ವೇಳಾಪಟ್ಟಿಯೂ ಕೂಡಿ ಅವನ ಅತ್ಯಂತ ಅಪಾಯದ ಗಳಿಗೆಯನ್ನು ಬೀಗ ಹಾಕಿದ ಬ್ಯಾರಕ್ಕಿನೊಳಗೇ ತಂದಿರಿಸುತ್ತವೆ. ಗೋಡೆಯಲ್ಲಿ ಹುಳು ಹರಿದಾಡುತ್ತಿದೆಯೆಂದು ಕೂಗುವವನನ್ನು ನಾಟಕವೆಂದು ಸುಮ್ಮನಾಗಿಸುವವರೂ ಇದ್ದಾರೆ, ದೈವದ ಉಪದ್ರವೆಂದು ಹರಕೆ ಹೊರುವವರೂ ಇದ್ದಾರೆ. ಚಿಕಿತ್ಸೆ ಸಿಗದಿದ್ದರೆ ಈ ಸನ್ನಿ ಪ್ರಾಣವನ್ನೇ ತೆಗೆಯಬಲ್ಲದು.

ಆದ್ದರಿಂದ ಪ್ರವೇಶ ತಪಾಸಣೆಯ ನಮೂನೆಯಲ್ಲಿ ಎರಡು ಪ್ರಶ್ನೆಗಳನ್ನು ಮೇಲಕ್ಕೆ ತಂದೆವು: ಕೊನೆಯ ಬಾರಿ ಕುಡಿದದ್ದು ಯಾವಾಗ, ಕುಡಿತ ಬಿಟ್ಟಾಗ ಹಿಂದೆಂದಾದರೂ ಫಿಟ್ಸ್ ಬಂದಿತ್ತೇ. ವಾರ್ಡರ್ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಅದು ತಮ್ಮ ಕೇಸಿಗೆ ಸೇರಿಕೊಳ್ಳುತ್ತದೆ ಎಂಬ ಹೆದರಿಕೆ. ಶುಶ್ರೂಷಕರು ಒಬ್ಬೊಬ್ಬರನ್ನೇ ಕರೆದು ಕೇಳಿ, ಕೈ ಚಾಚಿಸಿ ಬೆರಳುಗಳ ನಡುಕ ನೋಡಿ, ನಾಡಿ ಎಣಿಸಿ ಬರೆದುಕೊಳ್ಳುತ್ತಾರೆ. ಅಪಾಯದಲ್ಲಿರುವವರಿಗೆ ಅಂದೇ ಥಯಾಮಿನ್ (ಬಿ1 ಜೀವಸತ್ವ) ಇಂಜೆಕ್ಷನ್. ಗ್ಲೂಕೋಸ್ ಡ್ರಿಪ್ ಹಾಕಬೇಕಿದ್ದರೂ ಥಯಾಮಿನ್ ಮೊದಲು. ನರಗಳನ್ನು ಶಾಂತಗೊಳಿಸುವ ಕ್ಲೋರ್‌ಡಯಾಜಿಪಾಕ್ಸೈಡ್ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಸುಮಾರು ಒಂದು ವಾರ ಕೊಡುತ್ತೇವೆ. ಯಕೃತ್ತು ಹಾಳಾದವರಿಗೆ ಅದರ ಬದಲು ಲೋರಜೆಪಾಮ್. ಈ ಮಾತ್ರೆಗಳಿಗೆ ಜೈಲಿನೊಳಗೆ ಬೀಡಿಯಷ್ಟೇ ಬೆಲೆಯಿರುವುದರಿಂದ ಕಣ್ಣೆದುರೇ ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಕಳಿಸುವುದು. ಸನ್ನಿಯ ಲಕ್ಷಣ ಕಂಡವರನ್ನು ಬೆಳಗಾಗುವವರೆಗೂ ಕಾಯದೆ ಜಿಲ್ಲಾಸ್ಪತ್ರೆಗೆ ಸಾಗಿಸಬೇಕೆಂಬುದನ್ನು ಲಿಖಿತ ಆದೇಶವನ್ನಾಗಿ ಮಾಡಿಸಿಕೊಂಡೆವು.

ಹೊಸಬರ ಮೈಮೇಲಿನ ಗಾಯಗಳನ್ನು ದಾಖಲಿಸುವುದು ಇದೇ ತಪಾಸಣೆಯ ಇನ್ನೊಂದು ಭಾಗ. ಗಾಯ ಎಲ್ಲಿದೆ, ಎಷ್ಟು ಸೆಂಟಿಮೀಟರ್ ಉದ್ದ, ಬಣ್ಣ ಕೆಂಪೋ ನೀಲಿಯೋ ಹಳದಿಗೆ ತಿರುಗಿದೆಯೋ, ಹೇಗಾಯಿತೆಂದು ಆತ ಹೇಳುತ್ತಾನೆ ಎಂಬುದನ್ನು ಅವನ ಮಾತಿನಲ್ಲೇ ಬರೆಯಬೇಕು. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2015ರಲ್ಲಿ ಅಂಗೀಕರಿಸಿದ, ಬಂದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ನೆಲ್ಸನ್ ಮಂಡೇಲಾ ನಿಯಮಗಳ ಪೈಕಿ 34ನೆಯದು, ಹಿಂಸೆಯ ಗುರುತು ಕಂಡರೆ ವೈದ್ಯರು ಅದನ್ನು ದಾಖಲಿಸಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕೆನ್ನುತ್ತದೆ. ಇದರ ಬಗ್ಗೆ ಮೊದಲು ಸಿಬ್ಬಂದಿಯಲ್ಲಿ ಅಳುಕಿತ್ತು. ಒಳಗೆ ಬರುವಾಗಲೇ ಇದ್ದ ಗಾಯವನ್ನು ಬರೆದಿಡದಿದ್ದರೆ ನಾಳೆ ಅದು ಜೈಲಿನಲ್ಲಿ ಆದದ್ದೆಂಬ ಆರೋಪ ತಮ್ಮ ತಲೆಗೇ ಬರುತ್ತದೆ ಎಂಬುದನ್ನು ಹಿರಿಯ ವಾರ್ಡರ್ ಒಬ್ಬರೇ ಉಳಿದವರಿಗೆ ವಿವರಿಸಿದ ಬಳಿಕ, ದೇಹದ ನಕ್ಷೆಯಿರುವ ಆ ಹಾಳೆ ತುಂಬದೆ ಬಂದಿಯನ್ನು ಒಳಗೆ ತೆಗೆದುಕೊಳ್ಳಲು ಅವರೇ ಒಪ್ಪದಂತಾಯಿತು. ಮಾನವೀಯತೆಯ ಬಗ್ಗೆ ನಾನು ಕೊಟ್ಟ ಉಪನ್ಯಾಸಗಳಿಗಿಂತ ಈ ವಾದವೇ ಹೆಚ್ಚು ಕೆಲಸ ಮಾಡಿತು. ನನಗೆ ಅದರಲ್ಲಿ ಬೇಸರವೇನೂ ಇಲ್ಲ.

ಖಾಸಗಿತನದ ಪ್ರಶ್ನೆ ಇಲ್ಲಿಂದಲೇ ಎದ್ದಿತು. ಪಕ್ಕದಲ್ಲಿ ಪೊಲೀಸರೋ ವಾರ್ಡರೋ ನಿಂತಿದ್ದರೆ ಗಾಯ ಹೇಗಾಯಿತೆಂದು ಯಾರು ಹೇಳಿಯಾರು? ತಪಾಸಣೆಯ ಕೋಣೆಯ ಬಾಗಿಲಿಗೆ ಗಾಜಿನ ಚೌಕವೊಂದನ್ನು ಕೂರಿಸಿದೆವು. ಸಿಬ್ಬಂದಿಗೆ ಒಳಗೆ ನಡೆಯುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಭಾಷೆಯ ಸಮಸ್ಯೆ ಅಷ್ಟು ಸುಲಭವಾಗಿ ತೀರಲಿಲ್ಲ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹಿಂದಿಗಳಲ್ಲದೆ, ಕಟ್ಟಡ ಕೆಲಸಕ್ಕೆಂದು ಬಂದವರ ಬಂಗಾಳಿಯೂ ಒಡಿಯಾವೂ ಅಲ್ಲಿವೆ. ಸಹಬಂದಿಯನ್ನೇ ದುಭಾಷಿಯನ್ನಾಗಿ ಕೂರಿಸಿಕೊಂಡರೆ, ಎಚ್‌ಐವಿಯ ವಿಷಯ ಸಂಜೆಯೊಳಗೆ ಇಡೀ ಬ್ಯಾರಕ್ಕಿಗೆ ತಿಳಿಯುತ್ತದೆ. ಎಚ್‌ಐವಿ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಈಗ ಕಚೇರಿಯ ಸ್ಥಿರ ದೂರವಾಣಿಯಲ್ಲಿ, ಆ ಭಾಷೆ ಬಲ್ಲ ವೈದ್ಯ ವಿದ್ಯಾರ್ಥಿಗಳ ನೆರವು ಪಡೆಯುತ್ತೇವೆ.

ತುರಿಕಜ್ಜಿಯ ಕಥೆಯನ್ನು ಹೇಳದೆ ಕರಾವಳಿಯ ಜೈಲಿನ ಬಗ್ಗೆ ಬರೆಯಲಾಗದು. 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿ ನೂರು ಜನರ ಜಾಗಕ್ಕೆ ಸರಾಸರಿ 131 ಮಂದಿ ಇದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕ ಹೇಳುತ್ತದೆ. ಅವರಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು. ಮೈಗೆ ಮೈ ತಾಗಿಸಿ ಮಲಗುವ ಅಂಥ ಕಡೆ ಒಬ್ಬನಿಗೆ ಕಜ್ಜಿ ಬಂದರೆ ಅದು ಎಲ್ಲರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೈ ಒರೆಸುವ ಬೈರಾಸೂ ಒಣಗುವುದಿಲ್ಲ, ಇನ್ನು ಕಂಬಳಿಯ ಮಾತೇನು. ಬಂದವರಿಗೆ ಬಂದಂತೆ ಪರ್ಮೆತ್ರಿನ್ ಹಚ್ಚಲು ಕೊಟ್ಟರೆ, ಗುಣವಾದವನು ಅದೇ ರಾತ್ರಿ ಪಕ್ಕದವನಿಂದ ಮತ್ತೆ ಅಂಟಿಸಿಕೊಳ್ಳುತ್ತಾನೆ. ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ ಎಂಟು ಗಂಟೆಯಾದರೂ ಬಿಟ್ಟು ತೊಳೆಯಬೇಕಾದ ಆ ಔಷಧಕ್ಕೆ ಬೇಕಾದ ಮರೆಯೂ ನೀರೂ ಅಲ್ಲಿಲ್ಲ.

ಇಡೀ ಬ್ಯಾರಕ್ಕಿಗೆ ಒಂದೇ ದಿನ ಐವರ್‌ಮೆಕ್ಟಿನ್ ಮಾತ್ರೆ ಕೊಡುವುದೆಂದು ನಿಶ್ಚಯಿಸಿದೆವು. ದೇಹತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂ, ಅಂದರೆ 60 ಕಿಲೋ ತೂಕದವನಿಗೆ 12 ಮಿಲಿಗ್ರಾಂ, ವಾರ ಬಿಟ್ಟು ಇನ್ನೊಮ್ಮೆ. ಗರ್ಭಿಣಿಯರಿಗೆ ಅದನ್ನು ಕೊಡುವಂತಿಲ್ಲ. ಆದರೆ ಎಲ್ಲರೂ ಒಳಗಿರುವ ದಿನ ಯಾವುದು? ವಾರದ ದಿನಗಳಲ್ಲಿ ಕೆಲವರು ಕೋರ್ಟಿನಲ್ಲಿ, ಕೆಲವರು ಮನೆಯವರ ಭೇಟಿಯ ಸಾಲಿನಲ್ಲಿ ಇರುತ್ತಾರೆ. ಭಾನುವಾರವೇ ಸರಿಯೆಂದರೆ ಅಂದು ಸಿಬ್ಬಂದಿ ಕಡಿಮೆ. ಎರಡು ಭಾನುವಾರಗಳಿಗೆ ರಜೆಯನ್ನು ಹೊಂದಿಸಿಕೊಡಲು ಅಧೀಕ್ಷಕರು ಒಪ್ಪಿದರು. ಬಟ್ಟೆ, ಕಂಬಳಿಗಳನ್ನು ಒಣಗಿಸುವ ಆಸೆ ಬಿಟ್ಟು, ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿದು ವಾರವಿಡೀ ಮೂಲೆಯಲ್ಲಿಟ್ಟೆವು; ಕಜ್ಜಿಯ ಹುಳು ಮನುಷ್ಯನ ಚರ್ಮ ಬಿಟ್ಟು ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕದು. ವಾರ್ಡರುಗಳೂ ಅವರ ಮನೆಯವರೂ ಔಷಧ ತೆಗೆದುಕೊಂಡರು. ಆ ಮಳೆಗಾಲದಲ್ಲಿ ಕೀವುಗಟ್ಟಿದ ಬೆರಳುಸಂದುಗಳನ್ನು ತೋರಿಸಲು ಬರುವವರ ಸಾಲು ಕರಗಿತು. ಅನಂತರ ಹೊಸದಾಗಿ ಬಂದವರಿಗೆ ಪ್ರವೇಶದ ದಿನವೇ ಕೈಬೆರಳುಗಳ ಸಂದು ನೋಡುವುದು ನಿಯಮವಾಯಿತು.

ಹೊರಗಿನ ಆಸ್ಪತ್ರೆಗೆ ಕಳಿಸಬೇಕಾದಾಗ ಎದುರಾಗುವ ಅಡ್ಡಿ ಹಣದ್ದಲ್ಲ, ಬೆಂಗಾವಲಿನದು. ಸಶಸ್ತ್ರ ಮೀಸಲು ಪಡೆಯ ಸಿಬ್ಬಂದಿ ಬಂದರಷ್ಟೇ ವಾಹನ ಹೊರಡುತ್ತದೆ. ಹಬ್ಬ, ಬಂದೋಬಸ್ತ್ ಎಂದರೆ ಅವರು ಸಿಗುವುದಿಲ್ಲ. ಹಿಂದೆ ನನ್ನ ಚೀಟಿಗಳಲ್ಲಿ ಹರ್ನಿಯಾ ಇರುವವನೂ ಎದೆನೋವಿನವನೂ ಒಂದೇ ಸಾಲಿನಲ್ಲಿ ಕಾಯುತ್ತಿದ್ದರು. ಈಗ ಇಂದೇ, ಈ ವಾರ, ಈ ತಿಂಗಳು ಎಂದು ಮೂರು ಬಣ್ಣದ ಚೀಟಿಗಳಿವೆ. ವೈದ್ಯಕೀಯ ನಿರ್ಧಾರವನ್ನು ವೈದ್ಯೇತರ ಸಿಬ್ಬಂದಿ ತಳ್ಳಿಹಾಕುವಂತಿಲ್ಲವೆಂಬ ಮಂಡೇಲಾ ನಿಯಮವನ್ನು ಉಲ್ಲೇಖಿಸಿ, ಕೆಂಪು ಚೀಟಿ ತಡವಾದರೆ ಕಾರಣವನ್ನು ಬರೆದು ಸಹಿ ಹಾಕುವ ಕಾಲಂ ಸೇರಿಸಿದೆವು. ಆ ಕಾಲಂ ಬಂದ ಮೇಲೆ ತಡವಾಗುವುದು ಕಡಿಮೆಯಾಯಿತು. ವಿಡಿಯೊ ಮೂಲಕ ಕೋರ್ಟಿಗೆ ಹಾಜರುಪಡಿಸುವುದು ಹೆಚ್ಚಿದಂತೆ ಉಳಿದ ಬೆಂಗಾವಲನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿಕೊಂಡದ್ದೂ ಉಂಟು.

ಮಾನಸಿಕ ಆರೋಗ್ಯದ ಬಗ್ಗೆ ಹೇಳಬೇಕಾದದ್ದು ಬೇರೆಯೇ ಲೇಖನವಾದೀತು. ಸಾಯುವ ಮಾತಾಡುವವನನ್ನು ಸುರಕ್ಷತೆಯ ಹೆಸರಿನಲ್ಲಿ ಒಂಟಿ ಕೋಣೆಗೆ ಹಾಕುವ ಅಭ್ಯಾಸವನ್ನು ನಿಲ್ಲಿಸಿ, ಅವನ ಭಾಷೆಯವರ ಜೊತೆ ಇರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸುವ ಏರ್ಪಾಡು ಮಾಡಿದೆವು ಎಂದಷ್ಟೇ ಹೇಳುತ್ತೇನೆ.

ಇದನ್ನೆಲ್ಲ ಬಂದಿಗಳಿಗೇಕೆ ಮಾಡಬೇಕೆಂದು ಕೇಳುವವರಿಗೆ ನಾನು ನಮ್ಮ ರಾಜ್ಯದ್ದೇ ಒಂದು ಪ್ರಕರಣವನ್ನು ತೋರಿಸುತ್ತೇನೆ. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಂದಿಯೊಬ್ಬ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್, 1996ರಲ್ಲಿ ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ ತೀರ್ಪಿನಲ್ಲಿ, ಬಂದಿಗೆ ತಾನೇ ವೈದ್ಯರನ್ನು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವಿಲ್ಲ, ಮೇಲಾಗಿ ಜೈಲಿನ ಪರಿಸ್ಥಿತಿಯೇ ಅವನ ಆರೋಗ್ಯಕ್ಕೆ ಹೆಚ್ಚಿನ ಅಪಾಯ ತರುತ್ತದೆ, ಆದ್ದರಿಂದ ಅವನ ಬಗ್ಗೆ ಸಮಾಜಕ್ಕೆ ಹೊಣೆಯಿದೆ ಎಂದಿತು.

ಬಿಡುಗಡೆಯ ಗಳಿಗೆ ನಮಗೆ ಇನ್ನೂ ಪೂರ್ತಿ ಕೈಗೆ ಸಿಕ್ಕಿಲ್ಲ. ಜಾಮೀನಿನ ಆದೇಶ ಸಂಜೆ ತಲುಪುತ್ತದೆ, ಔಷಧ ಕೊಡುವ ಕೋಣೆಗೆ ಬೀಗ ಬಿದ್ದಿರುತ್ತದೆ, ಕ್ಷಯಕ್ಕೆ ಆರು ತಿಂಗಳು ಮಾತ್ರೆ ನುಂಗಬೇಕಾದವನೂ ವೈವಾಕ್ಸ್ ಮಲೇರಿಯಾಕ್ಕೆ 14 ದಿನ ಪ್ರೈಮಾಕ್ವಿನ್ ತೆಗೆದುಕೊಳ್ಳಬೇಕಾದವನೂ ಬರಿಗೈಯಲ್ಲಿ ಬಸ್ಸು ಹತ್ತುತ್ತಾರೆ. ಅದಕ್ಕಾಗಿ ದೀರ್ಘಾವಧಿ ಔಷಧ ಪಡೆಯುವ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಕವರನ್ನು ಮೊದಲೇ ಸಿದ್ಧಪಡಿಸಿ ಬಿಡುಗಡೆ ಗುಮಾಸ್ತರ ಮೇಜಿನಲ್ಲಿಡುತ್ತೇವೆ. ಅದರಲ್ಲಿ ಕೆಲವು ದಿನಗಳ ಮಾತ್ರೆ, ಚಿಕಿತ್ಸೆಯ ಸಾರಾಂಶ, ಕ್ಷಯವಿದ್ದರೆ ದೇಶದ ಯಾವ ಸರ್ಕಾರಿ ಆಸ್ಪತ್ರೆಯಲ್ಲೂ ತೋರಿಸಬಹುದಾದ ನಿಕ್ಷಯ್ ಸಂಖ್ಯೆ (ಕ್ಷಯರೋಗಿಗಳ ಸರ್ಕಾರಿ ನೋಂದಣಿ ಸಂಖ್ಯೆ), ಅವನ ಊರಿಗೆ ಹತ್ತಿರದ ಕೇಂದ್ರದ ವಿಳಾಸ ಇರುತ್ತವೆ. ಸಹಿ ಹಾಕಿಸಿಕೊಂಡು ಕವರ್ ಕೊಡುವ ಕೆಲಸವನ್ನು ಗುಮಾಸ್ತರು ಅಚ್ಚುಕಟ್ಟಾಗಿ ಮಾಡುತ್ತಿದ್ದಾರೆ. ಬೆಳಗಿನ ಜಾವ ಬೇರೆ ಜಿಲ್ಲೆಯ ಕಾರಾಗೃಹಕ್ಕೆ ವರ್ಗವಾಗುವವರ ಕವರನ್ನು ಬೆಂಗಾವಲಿನ ಮುಖ್ಯಸ್ಥರ ಕೈಗೆ ಒಪ್ಪಿಸುತ್ತಿದ್ದೇವೆ; ಅದು ತಲುಪಿತೆಂದು ಆ ಕಡೆಯಿಂದ ಸ್ವೀಕೃತಿ ಪತ್ರ ತರಿಸಿಕೊಳ್ಳುವ ವ್ಯವಸ್ಥೆ ಇನ್ನೂ ಆಗಬೇಕಿದೆ, ಸದ್ಯಕ್ಕೆ ಮರುದಿನ ನಾವೇ ಫೋನ್ ಮಾಡಿ ವಿಚಾರಿಸುತ್ತೇವೆ.